ಎರಡನೇ ಚಾನೆಲ್

"ಬಾಲ, ಬಾಲ, ಕೇಳಿಸ್ತಿದೆಯಾ? ಕೊನೇ ಸಾಲು ದಾಟಿತಾ? ಓವರ್," ಎಂದು ನಿವೃತ್ತ ತಂತಿ ಮಾಸ್ತರರು ಮೈಕಿನಲ್ಲಿ ಮೂರನೆಯ ಸಲ ಕೂಗಿದರು.

ಮಾಜಿ ಸೈನಿಕರ ಮೆರವಣಿಗೆ ಮುಗಿಯುತ್ತ ಬಂದಿತ್ತು. ಊರಿನ ಹವ್ಯಾಸಿ ಹ್ಯಾಮ್ ರೇಡಿಯೋ ಬಳಗದವರು ಸ್ವಂತ ಖುಷಿಯಿಂದ ವಾಕಿಟಾಕಿ ಹಿಡಿದು ದಾರಿಯುದ್ದಕ್ಕೂ ನಿಂತಿದ್ದರು. ಸೇತುವೆಯ ಬಳಿ ದರ್ಜಿ, ಆಸ್ಪತ್ರೆಯ ತಿರುವಿನಲ್ಲಿ ನರ್ಸಮ್ಮ, ಕೊನೆಯ ಮೂಲೆಯಲ್ಲಿ ಮಾಸ್ತರರ ಹೆಂಡತಿ. ಕೊನೆಯ ಸಾಲು ದಾಟಿತೆಂದು ಆಕೆ ಹೇಳಬೇಕು, ಆಮೇಲೆ ಸೇತುವೆಯ ಬಳಿ ತಡೆದ ಬಸ್ಸುಗಳನ್ನು ಬಿಡಬೇಕು. ಅದಕ್ಕೇ ಆಕೆಗೆ ಈ ದಿನದ ಮಟ್ಟಿಗೆ 'ಬಾಲ' ಎಂದು ಹೆಸರು. "ಮದುವೆ ಆದಾಗಿನಿಂದ ನಾನು ಇವರ ಬಾಲವೇ ಅಲ್ವಾ," ಎಂದು ಬೆಳಿಗ್ಗೆ ಆಕೆ ಅಂದಾಗ ಎಲ್ಲರೂ ನಕ್ಕಿದ್ದರು. ಮಾಸ್ತರರೊಬ್ಬರೇ ತಲೆ ಎತ್ತದೆ ಯಾವುದೋ ತಂತಿಯನ್ನು ಬಿಗಿ ಮಾಡುತ್ತಿದ್ದರು.

ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ ಅವರ ಮುಂದೆ ಎರಡು ಸೆಟ್ಟುಗಳಿದ್ದವು. ಒಂದು ಮಾತಿಗೆ, ಇನ್ನೊಂದು ಆಪತ್ತಿಗೆಂದು ಎರಡನೇ ಚಾನೆಲ್‌ನಲ್ಲಿ. ಯಾರದಾದರೂ ವಾಕಿಟಾಕಿಯ ಗುಂಡಿ ಒತ್ತಿದಂತೆಯೇ ಸಿಕ್ಕಿಕೊಂಡರೆ ಅವರ ಸುತ್ತಲಿನ ಸದ್ದೆಲ್ಲ ಎಲ್ಲರಿಗೂ ಕೇಳುತ್ತದೆ. ಅವರಿಗೆ ಮಾತ್ರ ಯಾರ ಮಾತೂ ಕೇಳದು. ಹಾಗಾದರೆ ಉಳಿದವರೆಲ್ಲ ಎರಡನೇ ಚಾನೆಲ್‌ಗೆ ಹೋಗಬೇಕೆಂಬುದು ಬಳಗದ ನಿಯಮ.

ಮಾಸ್ತರರು ಮೈಕಿನ ಗುಂಡಿಯಿಂದ ಬೆರಳೆತ್ತಿದೊಡನೆ ಮೊದಲನೆಯ ಸೆಟ್ಟಿನಿಂದ ಬೂಟುಗಳ ಸದ್ದು ನುಗ್ಗಿತು, ಅದರ ಹಿಂದೆಯೇ ಹೆಂಡತಿಯ ಧ್ವನಿ. "ವಾಕಿಟಾಕೀನ ಚೀಲದೊಳಗೆ ತುರುಕಬೇಡ ಅಂತ ಸಾವಿರ ಸಲ ಹೇಳಿದೀನಿ," ಎಂದು ಮಾಸ್ತರರು ಗೊಣಗಿ ಎರಡನೆಯ ಸೆಟ್ಟಿಗೆ ಕೈ ಚಾಚಿದರು. ಚಾಚಿದ ಕೈ ಅಲ್ಲೇ ನಿಂತಿತು.

"ನೋಡೋ ಗುಂಡ, ನಿನ್ನ ಜೊತೆಯವರು ಬಂದ್ರು," ಎನ್ನುತ್ತಿದ್ದಳು ಆಕೆ. "ಒಬ್ಬೊಬ್ಬರಿಗೂ ಹೊಟ್ಟೆ ಬಂದ್ಬಿಟ್ಟಿದೆ ಕಣೋ, ಕೋಟು ಮುಚ್ತಾನೇ ಇಲ್ಲ. ಈ ಸಲಾನೂ ಸಾಲಲ್ಲಿ ನಿನ್ನ ಜಾಗ ಬಿಟ್ಕೊಂಡೇ ನಡೀತಿದಾರೆ, ಪುಣ್ಯಾತ್ಮರು. ಆ ಜಾಗ ಒಂದೇ ಇನ್ನೂ ಅಷ್ಟೇ ಸಣ್ಣಗಿದೆ."

ಗಡಿಗೆ ಹೋದ ಮಗ ಪೆಟ್ಟಿಗೆಯಲ್ಲಿ ಮನೆಗೆ ಬಂದ ದಿನದಿಂದ ಮಾಸ್ತರರ ಬಾಯಲ್ಲಿ ಆ ಹೆಸರು ಬಂದಿರಲಿಲ್ಲ. ಹೆಂಡತಿ ಎತ್ತಿದರೆ ಮಾತಿಲ್ಲದೆ ಎದ್ದು ರೇಡಿಯೋ ಕೋಣೆ ಸೇರುತ್ತಿದ್ದರು.

"ನಿಮ್ಮಪ್ಪ ಚೆನ್ನಾಗಿದಾರೆ. ಸಮುದ್ರದಾಚೆ ಇರೋರನ್ನೆಲ್ಲ 'ಕೇಳಿಸ್ತಿದೆಯಾ, ಕೇಳಿಸ್ತಿದೆಯಾ' ಅಂತ ವಿಚಾರಿಸ್ಕೋತಾರೆ. ಪಕ್ಕದ ಕೋಣೇಲಿ ನಾನು ಬಾಯಿ ಬಿಟ್ರೆ ಮಾತ್ರ ಕಿವಿ ಮಂದ. ಅದಕ್ಕೇ ನೋಡು, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿ ನಾನೂ ಲೈಸೆನ್ಸ್ ತಗೊಂಡೆ. ಇಲ್ಲಾದ್ರೂ ನನ್ನನ್ನ ಕೇಳಿಸ್ತಿದೆಯಾ ಅಂತಾರಲ್ಲ!" ಆಕೆ ನಕ್ಕಳೋ ಮೂಗೆಳೆದಳೋ ತಿಳಿಯಲಿಲ್ಲ. "ನಿನ್ನ ವಿಷಯ ದೇವರ ಹತ್ರ ಹೇಳ್ಕೋತೀನಿ ಕಂದ. ಅವನು ಕೇಳಿಸ್ಕೋತಾನೆ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಿನಗೆ ಸೈಕಲ್ ಕಲಿಸಿದವನು ಅವನಲ್ವಲ್ಲ."

ಏನೋ ಸರಭರ ಸದ್ದಾಗಿ ಚಾನೆಲ್ ತೆರವಾಯಿತು. ಮರುಕ್ಷಣ ಆಕೆಯದೇ ಧ್ವನಿ, ಈಗ ನೆಟ್ಟಗೆ ಕೆಲಸದ ಧ್ವನಿ: "ಬಾಲ ಮಾತಾಡ್ತಿದೀನಿ. ಕೊನೇ ಸಾಲು ದಾಟಿತು. ಬಸ್ಸು ಬಿಡಬಹುದು. ಓವರ್."

ನರ್ಸಮ್ಮ ಮೆಲ್ಲಗೆ ಹೇಳಿದಳು: "ಅಕ್ಕಾ, ನಿಮ್ಮ ಗುಂಡಿ ಸಿಕ್ಕಾಕೊಂಡಿತ್ತು. ಇಷ್ಟು ಹೊತ್ತೂ. ಓವರ್."

"ನೀವೇನೂ ಯೋಚನೆ ಮಾಡಬೇಡಿ ಅಕ್ಕ," ಎಂದು ದರ್ಜಿ ಅವಸರದಿಂದ ನಡುವೆ ಬಂದ. "ನಾವೆಲ್ಲ ಆಗಲೇ ಎರಡನೇ ಚಾನೆಲ್‌ಗೆ ಹೋಗಿದ್ವಿ. ಒಂದಕ್ಷರ ಕಿವಿಗೆ ಬಿದ್ದಿದ್ರೆ ಕೇಳಿ. ಓವರ್."

"ಹೌದಕ್ಕ, ನನಗೂ ಏನೂ ಕೇಳಿಸಲಿಲ್ಲ. ಓವರ್." ನರ್ಸಮ್ಮನ ಮೂಗು ಕಟ್ಟಿತ್ತು.

ಮಾಸ್ತರರು ಎರಡನೆಯ ಸೆಟ್ಟನ್ನು ನೋಡಿದರು. ಇಷ್ಟು ಹೊತ್ತೂ ಅದು ಮೂಕವಾಗಿ ಕುಳಿತಿತ್ತು. ಅಲ್ಲಿಗೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

"ಯಾರಿಗೂ ಕೇಳಿಸಲಿಲ್ವಾ?" ಎಂದಳು ಹೆಂಡತಿ. "ಒಳ್ಳೇದಾಯ್ತು ಬಿಡಿ."

ಆ 'ಬಿಡಿ' ಮಾಸ್ತರರಿಗೆ ಗೊತ್ತಿತ್ತು. ತಾವು ಊಟದ ನಡುವೆ ಎದ್ದು ಹೋದಾಗಲೆಲ್ಲ ಅದು ಬೆನ್ನಿಗೆ ಬಂದು ತಾಗಿತ್ತು. ಅವರು ಮೈಕನ್ನು ಬಾಯಿಯ ಬಳಿಗೆ ತಂದರು. ಊರವರ ಹುಟ್ಟು ಸಾವುಗಳನ್ನೆಲ್ಲ ತಂತಿಯಲ್ಲಿ ಅಕ್ಷರ ತಪ್ಪದೆ ಮುಟ್ಟಿಸಿದ್ದ ಬೆರಳು ಗುಂಡಿ ಒತ್ತಿತು.

"ನನಗೆ ಕೇಳಿಸ್ತು ಕಣೇ," ಎಂದರು. "ಪೂರ್ತಿ ಕೇಳಿಸ್ತು." ಇಡೀ ಬಳಗ ಕಿವಿಗೊಟ್ಟಿದೆಯೆಂದು ತಿಳಿದೂ ಗುಂಡಿ ಬಿಡಲಿಲ್ಲ. "ನಮ್ಮ ಗುಂಡ ಇದ್ದಿದ್ರೆ, ಅವರೆಲ್ಲರಿಗಿಂತ ದೊಡ್ಡ ಹೊಟ್ಟೆ ಅವನಿಗೇ ಬರ್ತಿತ್ತು. ಓವರ್."

ಓವರ್ ಎಂದ ಮೇಲೆ ಇನ್ನು ಆಕೆಯ ಸರದಿ. ಮಾಸ್ತರರು ಬೆರಳೆತ್ತಿ, ಸೆಟ್ಟಿಗೆ ಕಿವಿ ಹಚ್ಚಿ ಕಾದರು. ಕಿಟಕಿಯಾಚೆ, ಸೇತುವೆಯ ಬಳಿ, ಬಸ್ಸುಗಳು ಒಂದೇ ಸಮನೆ ಹಾರನ್ ಹೊಡೆಯುತ್ತಿದ್ದವು. ಅವುಗಳನ್ನು ಬಿಡಬೇಕೆಂಬುದು ಒಬ್ಬರಿಗೂ ನೆನಪಿರಲಿಲ್ಲ.