ಆಷಾಢದ ಲಗ್ನ

ಕುಣಿಗಲ್ ಬಸ್ಸಿನಲ್ಲಿ ಬಸವಲಿಂಗಮ್ಮ ಆ ಚೀಟಿಯನ್ನು ಐದನೇ ಸಲ ಓದಿದಳು. 'ಬಹುಧಾನ್ಯ ಸಂವತ್ಸರ, ಆಷಾಢ ಶುದ್ಧ ಚತುರ್ದಶಿ, ಬುಧವಾರ, 11.40. ಲಗ್ನ: ಕನ್ಯಾ.' ಕೆಳಗೆ, ಚನ್ನವೀರಯ್ಯ, ಕುಣಿಗಲ್ ಎಂಬ ರುಜು. ಗಂಡನ ಪೆಟ್ಟಿಗೆಯ ತಳದಲ್ಲಿ ಸಿಕ್ಕಿದ್ದು.

ಲಗ್ನ. ಕನ್ಯಾ. ಇನ್ನೇನು ಬೇಕು?

ಗುಬ್ಬಿಯ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ಹೆಂಡತಿಗೆ ಇನ್ನೂ ಅಳು ಬಂದಿರಲಿಲ್ಲ. ಅಳುವ ಮುಂಚೆ ಅವಳಿಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಅವನಿಗೆ ತಾನೊಬ್ಬಳೇ ಹೆಂಡತಿಯೋ, ಇನ್ನೊಬ್ಬಳೂ ಇದ್ದಳೋ.

ಅನುಮಾನ ಹಳೆಯದು. ವರ್ಷಕ್ಕೊಮ್ಮೆ, ಗೌರಿಹಬ್ಬದ ಮುಂಚೆ, ಅವನು ವ್ಯಾಪಾರದ ನೆಪ ಹೇಳಿ ಕುಣಿಗಲ್ ಬಳಿಯ ಕೊತ್ತಗೆರೆಗೆ ಹೋಗಿಬರುತ್ತಿದ್ದ. ಹಿಂದೊಮ್ಮೆ ಅವನ ಚೀಲದಲ್ಲಿ ಹಸಿರು ಬಳೆ ಕಂಡಿದ್ದಳು. ತೊಟ್ಟು ನೋಡಿದರೆ ಬೆರಳ ಗೆಣ್ಣು ದಾಟಲಿಲ್ಲ. ಯಾವಳೋ ಸಣ್ಣ ಕೈಯವಳು ಎಂದುಕೊಂಡು ಸುಮ್ಮನಾದಳು. ಕೇಳಲು ಬಾಯಿ ಎಲ್ಲಿತ್ತು? ಮಕ್ಕಳಿಲ್ಲದವಳು. ತುಮಕೂರಿನ ನರ್ಸಿಂಗ್ ಹೋಮಿನಲ್ಲಿ ಹೊಟ್ಟೆ ಕೊಯ್ದು ತೆಗೆದದ್ದು ಒಂದೇ ಒಂದು ಮಗು. ಅವಳಿಗೆ ಎಚ್ಚರವಾದಾಗ ಗಂಡ, ಅದನ್ನು ಮಣ್ಣು ಮಾಡಿ ಬಂದೆ ಎಂದಿದ್ದ. ಪ್ರತಿ ವರ್ಷ ಜುಲೈ ಎಂಟರಂದು ಅವಳು ಒಲೆ ಹಚ್ಚುವುದಿಲ್ಲ.

ಆಷಾಢದಲ್ಲಿ ಯಾರಾದರೂ ಲಗ್ನವಾಗುತ್ತಾರೆಯೇ ಎಂದು ಒಮ್ಮೆ ಅನ್ನಿಸಿತು. ಕದ್ದು ಆಗುವವನಿಗೆ ಯಾವ ಆಷಾಢ!

ಜ್ಯೋತಿಷಿ ಚನ್ನವೀರಯ್ಯನಿಗೆ ಎಂಬತ್ತು ದಾಟಿತ್ತು. ಅವಳು ತಾನು ಯಾರೆಂದು ಹೇಳಲಿಲ್ಲ. ಗುಬ್ಬಿಯ ಸದಾಶಿವಯ್ಯನವರ ಕಡೆಯವಳು ಎಂದಷ್ಟೇ ಅಂದು ಚೀಟಿ ಮುಂದಿಟ್ಟಳು.

"ಈ ಲಗ್ನ ಮಾಡ್ಸಿದ್ದು ನೀವೇನಾ?"

ಮುದುಕ ಕನ್ನಡಕ ಏರಿಸಿ ಓದಿ, ನಕ್ಕುಬಿಟ್ಟ.

"ಇದು ಮದ್ವೆ ಅಲ್ಲ ಕಣಮ್ಮ. ಲಗ್ನ ಅಂದ್ರೆ ಅಂಟ್ಕೊಂಡಿದ್ದು ಅಂತ. ಮಗು ಹುಟ್ಟೋ ಗಳಿಗೇಲಿ ಮೂಡ್ಲಲ್ಲಿ ಭೂಮಿಗೆ ಅಂಟ್ಕೊಂಡು ಮೇಲೇಳ್ತಿರೋ ರಾಶಿ. ಇಲ್ಲಿ ಕನ್ಯಾರಾಶಿ. ಒಳ್ಳೆ ಲಗ್ನ ನೋಡಿ ತಾಳಿ ಕಟ್ಸ್ತಾರಲ್ಲ, ಅದಕ್ಕೆ ಮದ್ವೆಗೂ ಅದೇ ಹೆಸ್ರು ಬಂತು."

ಮದುವೆಯಲ್ಲ. ಮೂರು ತಿಂಗಳಿಂದ ಮರಗಟ್ಟಿದ್ದ ಎದೆ ಕೊಂಚ ಸಡಿಲವಾಯಿತು. ಇವತ್ತು ಮನೆಗೆ ಹೋಗಿ ಅವನಿಗಾಗಿ ಅಳಬಹುದು ಎನ್ನಿಸಿತು. ಏಳುತ್ತಾ, ಮಾತಿಗೆಂಬಂತೆ, ಹಾಗಾದರೆ ಇದು ಯಾರದ್ದು ಎಂದು ಕೇಳಿದಳು.

ಚನ್ನವೀರಯ್ಯ ಹಳೆಯ ಪಂಚಾಂಗಗಳ ಕಟ್ಟು ಬಿಚ್ಚಿ ಒಂದನ್ನು ಎಳೆದ. "ಬಹುಧಾನ್ಯ ಅಂದ್ರೆ ತೊಂಬತ್ತೆಂಟನೇ ಇಸ್ವಿ. ಜುಲೈ ಎಂಟು. ಮೂಲಾ ನಕ್ಷತ್ರ... ಹೂಂ, ಜ್ಞಾಪಕ ಬಂತು. ಹೆಣ್ಣುಮಗು. ತಂದೆಗೆ ಆಗಿಬರಲ್ಲ ಅಂದಿದ್ದೆ. ಅದಕ್ಕೇ ಸದಾಶಿವಯ್ಯನೋರು ಕೊತ್ತಗೆರೇಲಿ ಸಾಕಕ್ಕೆ ಕೊಟ್ಬುಟ್ರು."

ಮುದುಕ ಚೀಟಿ ಮಡಿಸಿ ಅವಳ ಕೈಗಿಟ್ಟ.

"ಇಟ್ಕೊಂಡಾದ್ರೂ ಯಾರ್ ಸಾಕೋರು ಬುಡಮ್ಮ. ತಾಯಿ ಹೆರಿಗೇಲೇ ತೀರ್ಕೊಂಡ್ಲು ಅಂತ ಅವ್ರೇ ಹೇಳಿದ್ರು."