ಚೌಕ ಮೂಲೆ

ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಶಾಫ್ಟು, ಅದನ್ನು ತಿರುಗಿಸುವ ಉಕ್ಕಿನ ದಂಡ, ಮುರಿದು ದೊಡ್ಡಮ್ಮನ ಬಲಗೈಯ ಮೂರು ಬೆರಳು ಹೋದವು. ಕಾರ್ಖಾನೆಯವರು ವರದಿಯಲ್ಲಿ ‘ಕೆಲಸಗಾರಳ ಅಜಾಗರೂಕತೆ’ ಎಂದು ಬರೆದರು.

ಹನ್ನೆರಡನೇ ದಿನ ಅವಳ ತಂಗಿಯ ಮಗಳು ಗುಜರಿ ರಾಶಿ ಕೆದಕಿ ಆ ಶಾಫ್ಟಿನ ಗೇಣುದ್ದದ ತುಂಡನ್ನು ಹೊರಗೆಳೆದಳು. ಹಗಲು ಅದೇ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸ, ಸಂಜೆ ಕಾಲೇಜಿನಲ್ಲಿ ಯಂತ್ರವಿನ್ಯಾಸದ ಓದು ಅವಳದು. ಮುರಿದ ಮುಖದ ಗ್ರೀಸನ್ನು ವೇಲಿನಿಂದಲೇ ಒರೆಸಿದಳು. ಹೋದ ವಾರ ಮೇಷ್ಟರು ಬೋರ್ಡಿನ ಮೇಲೆ ಬರೆದ ಚಿತ್ರ ಉಕ್ಕಿನಲ್ಲೇ ಮೂಡಿ ಕೂತಿತ್ತು. ಅಂಚಿನಿಂದ ಹೊರಟು ಕಪ್ಪೆಚಿಪ್ಪಿನಂತೆ ಹರಡಿದ ಗೆರೆಯ ಹಿಂದೆ ಗೆರೆ. ಮುಕ್ಕಾಲು ಪಾಲು ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಉಳಿದ ಕಾಲು ಪಾಲು ಮಾತ್ರ ಆಗತಾನೇ ಒಡೆದ ಕಲ್ಲುಸಕ್ಕರೆಯಂತೆ ತರಿತರಿ.

ತುಂಡು ಹಿಡಿದು ಎರಡೆರಡು ಮೆಟ್ಟಿಲು ಹಾರಿ ಆಫೀಸಿಗೆ ಓಡಿದಳು. ವರದಿಗೆ ಸಹಿ ಹಾಕಲೆಂದು ಕರೆಸಿದ್ದ ದೊಡ್ಡಮ್ಮ ಮ್ಯಾನೇಜರನ ಎದುರು ಕೂತಿದ್ದಳು. ಖುಷಿಯಲ್ಲಿ ಹುಡುಗಿಗೆ ಅವಳ ಬ್ಯಾಂಡೇಜೂ ಮರೆತಿತ್ತು.

“ದೊಡ್ಡಮ್ಮ, ಇದು ಅವತ್ತು ಮುರಿದಿದ್ದಲ್ಲ. ತಿಂಗಳುಗಟ್ಟಲೆ ಒಳಗೊಳಗೇ ಬಿರುಕು ಬಿಡ್ತಾ ಬಂದಿದೆ. ಕೊನೇ ಚೂರು ಮುರಿಯೋ ಹೊತ್ತಿಗೆ ಪ್ರೆಸ್ಸೊಳಗೆ ನಿನ್ನ ಕೈ ಇತ್ತು, ಅಷ್ಟೇ.”

“ನಾನೇ ಮೈಮರೆತೆ ಅನ್ಕೊಂಡಿದ್ದೆ ಕಣೇ.”

“ಸುಮ್ನಿರು. ಇಷ್ಟು ವರ್ಷ ಮನೇಲಿ ಬಟ್ಟೆ ಹೊಲಿದೋಳು ನೀನು. ಚೌಕ ಕತ್ತಿನ ಅಂಗಿ ಎಲ್ಲಿಂದ ಹರಿಯತ್ತೆ?”

“ಮೂಲೆಯಿಂದ. ಅದಕ್ಕೇ ಅಲ್ವಾ ನಾನು ದುಂಡಗೆ ಕತ್ತರಿಸೋದು.”

“ಶಾಫ್ಟಿಗೂ ಅದೇ. ದಪ್ಪ ಭಾಗ ಸಣ್ಣ ಭಾಗ ಸೇರೋ ಕಡೆ ಮೂಲೆ ದುಂಡಗಿರಬೇಕು ಅಂತ ನಕ್ಷೆಯಲ್ಲಿದೆ. ಇಲ್ಲೇ ನಮ್ಮ ಕಾರ್ಖಾನೇಲಿ ಕಡೆಯೋವಾಗ ಚೌಕ ಬಿಟ್ಟಿದ್ದಾರೆ. ಈಚೆ ತುದೀಲೂ ಹಾಗೇ ಇದೆ, ಉಗುರಿಟ್ಟು ನೋಡು.”

ದೊಡ್ಡಮ್ಮ ಎಡಗೈ ಹೆಬ್ಬೆರಳ ಉಗುರನ್ನು ಮೂಲೆಗಿಟ್ಟಳು. ಟಕ್ಕೆಂದು ಸಿಕ್ಕಿಕೊಂಡಿತು.

“ಇಷ್ಟು ಸಣ್ಣದಕ್ಕಾ?”

“ನೋಡಮ್ಮ,” ಮ್ಯಾನೇಜರ್ ಕನ್ನಡಕ ತೆಗೆದ. “ಆರ್ಡರ್ ತಲೆ ಮೇಲೆ ಕೂತಿತ್ತು. ಒಂದು ಮೂಲೆಗೋಸ್ಕರ ಟೂಲ್ ಬದಲಿಸ್ತಾ ಕೂರೋಕೆ ಪುರುಸೊತ್ತೆಲ್ಲಿತ್ತು?” ಆಡಿದ ಮೇಲೆ ಮಾತು ಜಾರಿದ್ದು ತಿಳಿಯಿತು. ಇಂಕಿನ ಪ್ಯಾಡನ್ನು ಮುಂದೆ ತಳ್ಳಿದ. “ಸಹಿ ಆಗದಿದ್ರೆ ಬೇಡ, ಎಡಗೈ ಹೆಬ್ಬೆಟ್ಟೇ ಒತ್ತಿ.”

ದೊಡ್ಡಮ್ಮ ಪ್ಯಾಡು ಮುಟ್ಟಲಿಲ್ಲ. ತುಂಡನ್ನು ಎಡಗೈಯಲ್ಲೇ ಎತ್ತಿ, ಮೂಲೆ ಅವನ ಕಡೆಗಿರುವಂತೆ ವರದಿಯ ಮೇಲಿಟ್ಟಳು.

“ಒತ್ತಲ್ಲ ಸಾರ್. ಮೊದಲು ನಿಮ್ಮ ಉಗುರಿಟ್ಟು ನೋಡಿ.”