ಕಿತ್ತಳೆ ಸಿಪ್ಪೆಯ ಬರ್ಫಿ

ಅಂಗಡಿಯ ಹೆಸರಿದ್ದ ರಟ್ಟಿನ ಡಬ್ಬಿಯನ್ನು ಚಂದನ ಚೂರುಚೂರು ಮಾಡಿ ನೀರೊಲೆಗೆ ತುರುಕಿದಳು. ಅದು ಬೂದಿಯಾಗುವವರೆಗೂ ಬಚ್ಚಲು ಬಿಟ್ಟು ಕದಲಲಿಲ್ಲ. ಹಬ್ಬದ ದಿನ ಬೆಳಗಾಗೆದ್ದು ಮಾಡುವ ಕೆಲಸವೇ ಇದು? ಥೂ! ಅವಳಿಗೆ ಅವಳ ಮೇಲೇ ಹೇಸಿಗೆಯಾಯಿತು.

ತಪ್ಪು ಅವಳದೇ. ಹೆಣ್ಣು ನೋಡಲು ಬಂದವರ ಮುಂದೆ, ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ ಹಾಕಿ ಬರ್ಫಿ ಮಾಡುತ್ತೇನೆ ಅಂತ ಕೊಚ್ಚಿಕೊಂಡಿದ್ದಳು. ಅತ್ತೆ ದೊಡ್ಡಮುನಿಯಮ್ಮ ಅದನ್ನು ಮರೆಯಲಿಲ್ಲ. ಮದುವೆಯಾದ ಮೊದಲ ದೀಪಾವಳಿಗೆ ಸೊಸೆಯದೇ ಸಿಹಿ ಅಂತ ನೆಂಟರಿಗೆಲ್ಲ ಸಾರಿಬಿಟ್ಟಳು. ಚಂದನ ಕದ್ದುಮುಚ್ಚಿ ಮಾಡಿ ನೋಡಿದ್ದೆಲ್ಲ ಬೇವಿನಷ್ಟು ಕಹಿಯಾಗಿ ಹಿತ್ತಲಿನ ಗುಂಡಿ ಸೇರಿತ್ತು.

ಅತ್ತೆಯೋ ಮಹಾ ಮರ್ಯಾದೆಯ ಹೆಂಗಸು. ಬಜಾರಿನ ತಿಂಡಿ ಹೊಸ್ತಿಲು ದಾಟುವಂತಿಲ್ಲ. ಚಂದನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಹೋಗಲೇ ಅಂದಾಗ, "ನಮ್ ಮನೆ ಎಂಗಸ್ರು ಅಂಗಡಿಯೋರ ಕೈಕೆಳ್ಗೆ ದುಡಿಯಲ್ಲ" ಅಂತ ಬಾಯಿ ಮುಚ್ಚಿಸಿದ್ದಳು. ಕಿತ್ತಳೆ ಸಿಪ್ಪೆಯನ್ನೂ ಎಸೆಯಗೊಡುತ್ತಿರಲಿಲ್ಲ. ಸೀಗೆಪುಡಿಗೆ ಬೇಕಂತೆ.

ನಿನ್ನೆ ಮಧ್ಯಾಹ್ನ ಅತ್ತೆ ಎಂದಿನಂತೆ ಭಜನೆಗೆ ಹೊರಟದ್ದೇ ತಡ, ಚಂದನ ಬಂಗಾರಪೇಟೆಯಿಂದ ಬಸ್ಸು ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದಳು. ಅಲ್ಲಿ ಗುರುತಿನವರು ಯಾರಿದ್ದಾರೆ? ಸಿಹಿ ಅಂಗಡಿಯ ನಾಗರಾಜ್ ಹಲ್ಲು ಕಿರಿದು ಹೇಳಿದ್ದ: "ತಗೊಳ್ಳಮ್ಮ, ಮನೇಲಿ ಮಾಡ್ದಂಗೇ ಇರ್ತದೆ."

ಈಗ ನಡುಮನೆಯಲ್ಲಿ ಅತ್ತೆಯ ಅಕ್ಕ ಆದಿಲಕ್ಷ್ಮಮ್ಮ ಎರಡನೆಯ ತುಂಡಿಗೆ ಕೈ ಹಾಕಿದ್ದಳು. "ಅಬ್ಬಬ್ಬಾ, ಏನ್ ರುಚಿ! ನೀನೇ ಮಾಡ್ದಾ ಮಗಾ?"

"ಹೂಂ, ದೊಡ್ಡತ್ತೆ." ಚಂದನ ತಲೆ ಎತ್ತಲಿಲ್ಲ.

ದೊಡ್ಡಮುನಿಯಮ್ಮ ಒಂದು ಚೂರು ಬಾಯಿಗಿಟ್ಟಳು. ಅಗಿಯುವುದು ನಿಂತುಹೋಯಿತು. ಸೊಸೆಯನ್ನೇ ದಿಟ್ಟಿಸಿ ನೋಡಿದಳು.

"ಸಿಪ್ಪೆ ಕಹಿ ಎಂಗೆ ತೆಗ್ದೆ?"

ಚಂದನ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. "ಸು... ಸುಣ್ಣದ ತಿಳಿನೀರಲ್ಲಿ ನೆನೆಸಿ, ಅತ್ತೆ."

"ಸುಣ್ಣದ ತಿಳೀಲಾ? ನಾನು ಉಪ್ಪುನೀರು ಅನ್ಕೊಂಡಿದ್ದೆ."

ಚಂದನಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೆ ಅತ್ತೆ ಬೈಯಲಿಲ್ಲ. ತಟ್ಟೆಯನ್ನು ಅಕ್ಕನ ಕಡೆ ಸರಿಸಿ, "ತಿನ್ನಕ್ಕಾ, ನಮ್ ಸೊಸೆ ಕೈರುಚಿ" ಅಂದಳು. ದನಿ ಯಾಕೋ ಸಣ್ಣಗಾಗಿತ್ತು. ಆ ಮಾತು ಕಪಾಳಕ್ಕೆ ಬಿದ್ದ ಏಟಿಗಿಂತ ಜೋರಾಗಿ ತಗುಲಿತು. ನಿಜ ಹೇಳಿ ಕಾಲು ಹಿಡಿದುಬಿಡೋಣವೆಂದು ಚಂದನ ಬಾಯಿ ತೆರೆದಳು.

ಬಾಗಿಲಲ್ಲಿ ಬೈಕು ನಿಂತಿತು. ಹೆಲ್ಮೆಟ್ಟು ತೆಗೆದು ಒಳಗೆ ಇಣುಕಿದವನು ನಾಗರಾಜ್!

ಅವನೂ ಅವಳನ್ನು ಕಂಡ. "ಅರೆ, ನೀವಾ?" ಅಂತ ನಕ್ಕ.

ಮುಗಿಯಿತು. ನೆಂಟರ ಮುಂದೆ ಮಾನ ಹೋಯಿತು. ಚಂದನ ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತು, ಬೇಡ ಅನ್ನುವಂತೆ ಕೈಮುಗಿದಳು. ಹಿಂದೆ ತಿರುಗಿ ನೋಡಿದರೆ, ಅತ್ತೆ ಆಗಲೇ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಳು. ಇಂಥ ಸೊಸೆಯನ್ನು ತಂದ ನಾಚಿಕೆಗೆ ಇನ್ನೇನು ಮಾಡಿಯಾಳು ಪಾಪ!

ನಾಗರಾಜ್ ಅವಳ ಭುಜದ ಮೇಲಿಂದ ಕತ್ತು ಚಾಚಿ ಕೂಗಿದ: "ದೊಡ್ಡಮುನಿಯಮ್ಮನೋರೇ, ಫೋನಾದ್ರೂ ಎತ್ತಬಾರ್ದಾ? ನಿನ್ನೆ ನೀವು ಮಾಡ್ಕೊಟ್ಟ ಬರ್ಫಿ ಒಂದು ಚೂರೂ ಉಳಿದಿಲ್ಲ, ಬೇಗ ಅಂಗಡಿಗೆ ಹೊರಡಿ!"